ಪುಕ್ಕದ ಸಿಂಬೆ

"ಇವತ್ತು ಬೇಡ ಮಾರಾಯ. ಆಯಮ್ಮ ಇನ್ನೂ ದಿಂಬು ಬಿಚ್ಚಿಲ್ಲ," ಎಂದು ಡೆಲ್ಮರ್ ಕುಬಿಕ್ ಅವನ ಕೋಟಿನ ತೋಳು ಹಿಡಿದು ಹೇಳಿದ.

ಕಾರ್ಟರ್ ಪೆಲ್ ತೋಳು ಬಿಡಿಸಿಕೊಂಡ. ಕೋಟಿಗೆ ಏನಾದರೂ ಮೆತ್ತಿತೇ ಎಂದು ಬಗ್ಗಿ ನೋಡಿಕೊಂಡ. ಡೆಲ್ಮರ್ ನಮ್ಮ ಪೇಟೆಯ ಕಾಳಿನ ಗೋದಾಮು ನೋಡಿಕೊಳ್ಳುವವನು. ಚರ್ಚಿಗೆ ಬರಲಿ, ಸಾವಿನ ಊಟಕ್ಕೆ ಬರಲಿ, ಅವನ ಬೆರಳ ಸಂದಿಯಲ್ಲಿ ಜೋಳದ ಧೂಳು ಇದ್ದೇ ಇರುತ್ತದೆ.

"ಏನು ಬಿಚ್ಚಿಲ್ಲ?"

"ದಿಂಬು. ಆರ್ನೋ ತಲೆ ಇಟ್ಟು ಸತ್ತನಲ್ಲ, ಆ ದಿಂಬು. ಮಣ್ಣು ಮಾಡಿ ಬಂದಮೇಲೆ ಮನೆಯವರು ಅದನ್ನ ಬಿಚ್ಚಿ ಒಳಗಿನ ಹೆಬ್ಬಾತಿನ ಪುಕ್ಕ ನೋಡಬೇಕು. ಅದಾಗೋವರೆಗೂ ಆ ಮನೇಲಿ ಭೂಮಿ ಮಾತು ಎತ್ತೋ ಹಾಗಿಲ್ಲ. ನಮ್ಮಲ್ಲಿ ಯಾರೂ ಎತ್ತಲ್ಲ."

"ಎತ್ತಿದ್ರೆ ಏನಾಗುತ್ತೆ?"

"ಬೇಡ ಅಂದೆನಲ್ಲಪ್ಪ. ಬೇಸಿಗೆಯಿಂದ ಆ ಮುದುಕ ಹೋಗ್ಲಿ ಅಂತ ಕಾಯ್ತಾ ಇದ್ದೋನು, ಇನ್ನೊಂದು ವಾರ ಕಾಯಕ್ಕಾಗಲ್ವಾ?"

ಕಾರ್ಟರ್ ಗಟ್ಟಿಯಾಗಿಯೇ ನಕ್ಕ. ಲೂಥರನ್ ಚರ್ಚಿನ ನೆಲಮಾಳಿಗೆ ಅದು. ಒದ್ದೆ ಉಣ್ಣೆ ಕೋಟುಗಳ ವಾಸನೆ, ದೊಡ್ಡ ಪಾತ್ರೆಯಲ್ಲಿ ಬೆಳಿಗ್ಗೆಯಿಂದ ಕುದ್ದು ಕಹಿಯಾದ ಕಾಫಿಯ ವಾಸನೆ, ಹಂದಿಮಾಂಸ ಇಟ್ಟ ಬನ್ನು, ಗಿಣ್ಣು ಹಾಕಿ ಬೇಯಿಸಿದ ಆಲೂಗಡ್ಡೆ. ಅಂಥ ಕಡೆ ನಗು ಬಂದರೆ ಜನ ಕೆಮ್ಮಿ ನುಂಗಿಕೊಳ್ಳುತ್ತಾರೆ. ಇವನು ನುಂಗಿಕೊಳ್ಳಲಿಲ್ಲ.

"ಜಮೀನು ಮಾರೋಕೆ ಹೆಬ್ಬಾತಿನ ಅಪ್ಪಣೆ ಬೇಕಾ ನಿಮಗೆ? ಶಿಕಾಗೋದಲ್ಲಿ ಹೇಳಿದ್ರೆ ಯಾರೂ ನಂಬಲ್ಲ," ಎಂದ. ಕಾಗದದ ತಟ್ಟೆಯನ್ನು ಡೆಲ್ಮರನ ಕೈಗೇ ಕೊಟ್ಟ, ಅವನೇನೋ ಹೋಟೆಲಿನ ಮಾಣಿ ಎಂಬಂತೆ. ನೆಟ್ಟಗೆ ಒಟಿಲಿಯ ರೀಮರ್ ಕುಳಿತಿದ್ದಲ್ಲಿಗೆ ಹೋದ.

ಅವಳು ಗಂಡನನ್ನು ಮಣ್ಣು ಮಾಡಿ ಬಂದು ಒಂದು ಗಂಟೆಯೂ ಆಗಿರಲಿಲ್ಲ. ಬೂಟಿನ ಅಂಚಿನಲ್ಲಿ ಸ್ಮಶಾನದ ಕರಿಮಣ್ಣು ಹಾಗೇ ಇತ್ತು.

"ಮಿಸೆಸ್ ರೀಮರ್, ತುಂಬಾ ಬೇಜಾರಾಯ್ತು. ಆ ಕೆಳಗಿನ ನೂರರವತ್ತು ಎಕರೆ ಬಗ್ಗೆ ಯಾವಾಗ ಮಾತಾಡೋಣ?"

ಸುತ್ತಲಿನ ಮೇಜುಗಳಲ್ಲಿ ಫೋರ್ಕುಗಳ ಸದ್ದು ನಿಂತಿತು. ಒಟಿಲಿಯ ಅವನ ಮುಖ ನೋಡಿದಳು.

"ಊಟ ಮಾಡಿದ್ರಾ?"

"ಹಾಂ?"

"ಊಟ. ಆಲೂಗಡ್ಡೆ ತಣ್ಣಗಾಗ್ತಿದೆ. ಹಾಕ್ಕೊಳಿ," ಎಂದು ಹೇಳಿ ಪಾಸ್ಟರನ ಹೆಂಡತಿಯ ಕಡೆ ತಿರುಗಿದಳು.

ಕಾರ್ಟರ್ ಇದನ್ನು ಒಪ್ಪಿಗೆ ಎಂದುಕೊಂಡ. ಅಂಥ ಮನುಷ್ಯ ಅವನು. ಅವನ ಕತೆಯನ್ನು ಸ್ವಲ್ಪ ಅವನೇ ಡೆಲ್ಮರನಿಗೆ ಹೇಳಿದ, ಸ್ವಲ್ಪ ಒಟಿಲಿಯ ಆಮೇಲೆ ಹೇಳಿದಳು, ಮಿಕ್ಕಿದ್ದನ್ನು ನಾವು ಊಹಿಸಿಕೊಂಡೆವು. ಅವನ ತಲೆಯೊಳಗೆ ಏನಿತ್ತೆಂದು ಊಹಿಸುವುದು ಕಷ್ಟವೇನೂ ಅಲ್ಲ. ಅಲ್ಲಿ ಹೆಚ್ಚೇನೂ ಇರಲಿಲ್ಲ.

ವಸಂತದಲ್ಲಿ ಬಂದಿದ್ದ. ಯಾವುದೋ ಕಂಪನಿಯ ಪರವಾಗಿ ನಮ್ಮ ಹಾರ್ಟ್‌ವಿಗ್ ಕೌಂಟಿಯ ಜಮೀನು ಕೊಳ್ಳುವ ಕೆಲಸ. ಕೊಳ್ಳುವವರು ಮೆಕ್ಕೆಜೋಳವನ್ನು ತಟ್ಟೆಯ ಹೊರಗೆ ಕಂಡವರಲ್ಲ. ಊರ ಹೊರಗಿನ ಕ್ರಾಯ್ಟ್‌ಜರ್ ಮನೆಯನ್ನು ಹಾಸಿಗೆ, ಪಾತ್ರೆ, ಗೋಡೆಯ ಮೇಲಿನ ಶಿಲುಬೆ ಸಮೇತ ಕೊಂಡು ಅದರಲ್ಲೇ ಬಿಡಾರ ಹೂಡಿದ. ಅಲ್ಲಿಂದ ಬೇಲಿ ಹಿಡಿದು ಅರ್ಧ ಮೈಲಿ ನಡೆದರೆ ರೀಮರ್ ಮನೆ. ಎರಡರ ನಡುವೆ ಇರುವುದೇ ಆ ನೂರರವತ್ತು ಎಕರೆ.

ನಮ್ಮ ಕೌಂಟಿ ಅವನಿಗೆ ನಗೆಪಾಟಲಾಗಿತ್ತು. ಮೈಲಿಗೊಂದು ರಸ್ತೆ, ಉದ್ದಕ್ಕೆ, ಅಡ್ಡಕ್ಕೆ, ಚೌಕಾಬಾರದ ಮನೆ ಗೀಚಿದ ಹಾಗೆ. "ಇದನ್ನ ದೇವರು ಮಾಡಿದ್ದಲ್ಲ, ಗುಮಾಸ್ತ ಮಾಡಿದ್ದು," ಅನ್ನುತ್ತಿದ್ದ. ಇದೆಲ್ಲ ಒಂದು ಕಾಲಕ್ಕೆ ಸೊಂಟದವರೆಗೆ ನೀರು ನಿಂತ ಜೌಗು. ನಮ್ಮ ಮುತ್ತಜ್ಜಂದಿರು ಮಂಡಿಯುದ್ದ ಕೆಸರಿನಲ್ಲಿ ನಿಂತು, ಸುಟ್ಟ ಮಣ್ಣಿನ ಕೊಳವೆಗಳನ್ನು ಕೈಯಲ್ಲೇ ನೆಲದಡಿ ಹೂತು, ಆ ನೀರನ್ನೆಲ್ಲ ಹೊಳೆಗೆ ಹರಿಸಿ ಕರಿನೆಲ ಎಬ್ಬಿಸಿದರು. ನೀರು ಹೋದಮೇಲೆ ಕಾಡು ಹೆಬ್ಬಾತುಗಳೂ ಬರುವುದು ಬಿಟ್ಟವು. ಆಗ ಅಜ್ಜಿಯಂದಿರು ಅಂಗಳದಲ್ಲೇ ಹೆಬ್ಬಾತು ಸಾಕಿ ಪುಕ್ಕ ತುಂಬಿದ ದಿಂಬು ಹೊಲಿದರು. ಆ ದಿಂಬುಗಳ ಮೇಲೆಯೇ ಇವತ್ತಿಗೂ ಮಲಗುತ್ತೇವೆ. ಅದನ್ನೂ ಆಡಿಕೊಂಡ.

ಹಾಲಿನ ಡೈರಿ ಮುಚ್ಚಿತು, ಶಾಲೆಯನ್ನು ಪಕ್ಕದ ಊರಿನದಕ್ಕೆ ಸೇರಿಸಿಬಿಟ್ಟರು. ಈಗ ಇರುವುದು ಜೋಳ, ಸೋಯಾ, ಉದ್ದುದ್ದ ತಗಡಿನ ಕೊಟ್ಟಿಗೆಗಳಲ್ಲಿ ಸಾವಿರಗಟ್ಟಲೆ ಹಂದಿ, ಜೋಳದಿಂದ ಸಾರಾಯಿ ಬಟ್ಟಿ ಇಳಿಸಿ ಕಾರುಗಳಿಗೆ ಕುಡಿಸುವ ಒಂದು ಕಾರ್ಖಾನೆ. ಕಾರ್ಟರ್ ಇದನ್ನೆಲ್ಲ ನಮಗಿಂತ ಚೆನ್ನಾಗಿ ಲೆಕ್ಕ ಹಾಕಿ ಹೇಳುತ್ತಿದ್ದ. ಯಾರಿಗೆ ಎಷ್ಟು ವಯಸ್ಸು, ಯಾರ ಮಕ್ಕಳು ಊರು ಬಿಟ್ಟಿದ್ದಾರೆ, ಯಾರಿಗೆ ಹೃದಯದ ಕಾಯಿಲೆ, ಎಲ್ಲ ಅವನ ನಾಲಿಗೆ ತುದಿಯಲ್ಲಿತ್ತು. ಆರ್ನೋ ರೀಮರ್ ಬೇಸಿಗೆಯಲ್ಲಿ ಹಾಸಿಗೆ ಹಿಡಿದಾಗ ಇವನು ಜಲ್ಲಿ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು, ಎಂಜಿನ್ ಆರಿಸದೆ, ಒಳಗೆ ತಣ್ಣನೆ ಗಾಳಿ ಕುಡಿಯುತ್ತ, ಆ ಮನೆಯ ಕಿಟಕಿಯನ್ನೇ ನೋಡುತ್ತ ಕೂರುತ್ತಿದ್ದ. "ಇನ್ನೂ ಎಷ್ಟು ದಿನ ಎಳೀತಾನೋ ಮುದುಕ," ಎಂದು ಗೋದಾಮಿನಲ್ಲಿ ಎಲ್ಲರೆದುರಿಗೆ ಕೇಳಿದ್ದ. ಥೂ.

ಸಾವಿನ ಊಟದ ಎರಡು ದಿನಕ್ಕೆ ಅದು ಶುರುವಾಯಿತು.

ಮಧ್ಯಾಹ್ನ ಊಟ ಮಾಡಿ ಒಂದು ಗಳಿಗೆ ಅಡ್ಡಾಗಿದ್ದ. ಕಿವಿಯ ಕೆಳಗೆ ಸರಸರ ಸದ್ದು. ಇಲಿ ಎಂದುಕೊಂಡು ದಿಂಬಿಗೆ ಗುದ್ದಿದ. ಸದ್ದು ನಿಂತಿತು. ತಲೆಯಿಟ್ಟ. ಮತ್ತೆ ಸರಸರ. ಯಾರೋ ನಿಧಾನವಾಗಿ, ಅವಸರವೇ ಇಲ್ಲದೆ, ಒಳಗೆ ಏನನ್ನೋ ಸುತ್ತುತ್ತಿದ್ದಂತೆ ಕೇಳಿಸಿತು. ನೆನೆದ ಹಕ್ಕಿಯ ವಾಸನೆ ಮೂಗಿಗೆ ಬಡಿಯಿತು. ಎದ್ದು ಕೂತಾಗ ಎದೆಯಲ್ಲಿ ಉಸಿರು ಪೂರ್ತಿ ಇಳಿಯಲಿಲ್ಲ. ಎಳೆದ ಉಸಿರಿನ ಕೊನೆಯ ಒಂದು ತುಣುಕು ಎಲ್ಲೋ ಸಿಕ್ಕಿಕೊಂಡಿತು.

ಚಾಕು ತಂದು ದಿಂಬು ಸೀಳಿದ. ಬಿಳಿ ಪುಕ್ಕ ಮಂಚದ ತುಂಬ ಹಾರಿತು. ನಡುವೆ ಒಂದು ಗಟ್ಟಿ ಗಂಟು ಕೈಗೆ ಸಿಕ್ಕಿತು. ಪುಕ್ಕಗಳು ಒಂದರ ಹೊಟ್ಟೆಗೊಂದು ಹೊಕ್ಕು, ತುದಿಯೆಲ್ಲ ಒಂದೇ ಕಡೆ ತಿರುಗಿ, ಬಿಗಿಯಾಗಿ ಬಾಗಿಕೊಂಡಿದ್ದವು. ಕೊಡ ಹೊರುವಾಗ ನೆತ್ತಿಯ ಮೇಲಿಡುವ ಸಿಂಬೆಯನ್ನು ಯಾರೋ ಕಾಲುಭಾಗ ಸುತ್ತಿ ಬಿಟ್ಟಂತಿತ್ತು. ದಾರವಿಲ್ಲ, ಅಂಟಿಲ್ಲ. ಎಳೆದರೆ ಬಿಚ್ಚಲಿಲ್ಲ.

ಕಾರ್ಟರ್ ಅದನ್ನು ಕಸದ ಡಬ್ಬಿಗೆ ಎಸೆದ. "ಥತ್, ಹಳೇ ಮನೆ, ಹಳೇ ಕೊಳಕು," ಎಂದು ಬೈದುಕೊಂಡು ಕಾರು ಹತ್ತಿ ಹನ್ನೆರಡು ಮೈಲಿ ಹೋಗಿ ಅಂಗಡಿಯಿಂದ ಹೊಸ ದಿಂಬು ತಂದ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದ್ದ, ಸ್ಪಂಜಿನ ದಿಂಬು. ಪುಕ್ಕದ ಸುಳಿವೇ ಇಲ್ಲದ್ದು.

ಮಾರನೆಯ ಮಧ್ಯಾಹ್ನ ಅದರೊಳಗೂ ಸರಸರ.

ಮತ್ತೆ ಚಾಕು ತಂದ. ಸ್ಪಂಜು ಕೊಯ್ದರೆ ಒಳಗೆಲ್ಲ ಹಳದಿ ಸ್ಪಂಜೇ. ಇನ್ನೂ ಆಳಕ್ಕೆ ಕೊಯ್ದ. ನಟ್ಟನಡುವೆ, ಯಾವ ಹೊಲಿಗೆಯೂ ಇಲ್ಲದ ಜಾಗದಲ್ಲಿ, ಬಿಳಿ ಪುಕ್ಕದ ಸಿಂಬೆ. ಅರ್ಧ ಸುತ್ತು ಮುಗಿದಿತ್ತು. ಪುಕ್ಕ ಬೆಚ್ಚಗಿತ್ತು. ಓಡಿಹೋಗಿ ಕಸದ ಡಬ್ಬಿ ನೋಡಿದ, ನಿನ್ನೆಯದು ಅಲ್ಲಿರಲಿಲ್ಲ. ಉಸಿರು ಈಗ ಎದೆಯ ಅರ್ಧಕ್ಕೇ ನಿಲ್ಲುತ್ತಿತ್ತು. ಮೆಟ್ಟಿಲು ಹತ್ತಲು ಎರಡು ಕಡೆ ಕೂರಬೇಕಾಯಿತು.

ದಿಂಬೇ ಬೇಡವೆಂದು ಕೋಟು ಮಡಚಿ ತಲೆಯಡಿ ಇಟ್ಟುಕೊಂಡ. ಕೋಟಿನ ಅಸ್ತರಿಯಲ್ಲಿ ಸರಸರ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಕುರ್ಚಿಯ ಬೆನ್ನಿನಲ್ಲಿ ಸರಸರ. ಬೆಳಿಗ್ಗೆ ಕೋಟಿನ ಅಸ್ತರಿ ಹರಿದು ನೋಡಿದಾಗ ಸಿಂಬೆಯ ಎರಡು ತುದಿಗಳ ನಡುವೆ ಉಳಿದಿದ್ದದ್ದು ಎರಡು ಬೆರಳಿನಷ್ಟು ಜಾಗ.

ಆಗ ನೆನಪಾದ ಅವನಿಗೆ ಡೆಲ್ಮರ್. ತನಗೆ ಬೇಕಾದಾಗ ಎಲ್ಲರೂ ನೆನಪಾಗುತ್ತಾರೆ ಇಂಥವರಿಗೆ.

ಗೋದಾಮಿನ ಕಚೇರಿಯಲ್ಲಿ ನಾವು ನಾಲ್ಕೈದು ಜನ ಇಸ್ಪೀಟು ಆಡುತ್ತಿದ್ದೆವು. ಹೊರಗೆ ಲಾರಿಯಿಂದ ಜೋಳ ಸುರಿಯುವ ಸದ್ದು. ಕಾರ್ಟರ್ ಬಾಗಿಲಿನಲ್ಲಿ ನಿಂತು ಮೊದಲು ಉಸಿರೆಳೆದುಕೊಂಡ. ತುಟಿ ಜಂಬುನೇರಳೆ ಬಣ್ಣಕ್ಕೆ ತಿರುಗಿತ್ತು. ಸಿಂಬೆಯಿದ್ದ ಒಂದು ಪ್ಲಾಸ್ಟಿಕ್ ಚೀಲವನ್ನು ಇಸ್ಪೀಟಿನ ಮೇಲೆ ಇಟ್ಟ.

"ಇದೇನು ತಮಾಷೆ? ಯಾರು ಮಾಡ್ತಿರೋದು ಇದನ್ನ?" ಎಂದ.

ಯಾರೂ ಮುಟ್ಟಲಿಲ್ಲ. ಪಕ್ಕದಲ್ಲಿ ಕೂತವನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಡೆಲ್ಮರ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ.

"ಎಲ್ಲಿ ಸಿಕ್ತು?"

"ತಲೆ ಇಟ್ಟ ಕಡೆಯೆಲ್ಲ."

"ಅಯ್ಯೋ ದೇವರೇ." ಡೆಲ್ಮರ್ ಕನ್ನಡಕ ತೆಗೆದ. "ಇದು ಕೂಡ್ಕೊಂಡ್ರೆ ಮುಗೀತು ಕಣಯ್ಯ. ತುದಿ ತುದಿ ಮುಟ್ಟಿದ ದಿವಸ ಮನುಷ್ಯ ಇರಲ್ಲ."

"ನಿಮ್ಮ ಅಜ್ಜಿ ಕತೆ ಕೇಳೋಕೆ ಬಂದಿಲ್ಲ ನಾನು!"

"ಮತ್ಯಾಕೆ ಬಂದೆ? ಡಾಕ್ಟರ ಹತ್ರ ಹೋಗು."

"ಹೋಗಿದ್ದೆ. ಎದೆ ಚೆನ್ನಾಗಿದೆಯಂತೆ." ಅಷ್ಟು ಹೇಳುವುದರಲ್ಲಿ ಎರಡು ಸಲ ಉಸಿರು ತೆಗೆದುಕೊಂಡ. ಆಮೇಲೆ ಸ್ವರ ಇಳಿಸಿ, "ಏನ್ ಮಾಡ್ಬೇಕು ಹೇಳು," ಎಂದ.

ಡೆಲ್ಮರ್ ನಮ್ಮ ಮುಖ ನೋಡಿದ. ನಾವು ಕಿಟಕಿ ನೋಡಿದೆವು. ನನ್ನನ್ನು ಕೇಳಿದ್ದರೆ ಹೇಳುತ್ತಿರಲಿಲ್ಲ. ಡೆಲ್ಮರ್ ಒಳ್ಳೆಯವನು, ಹೇಳಿದ.

"ಕುದಿಸ್ಬೇಕು. ದೊಡ್ಡ ಪಾತ್ರೇಲಿ ನೀರು ಹಾಕಿ, ಹಿಡಿ ಉಪ್ಪು ಹಾಕಿ, ಇದನ್ನ ಮುಳುಗಿಸಿ ಕುದಿಸ್ತಾನೇ ಇರ್ಬೇಕು. ಕುದಿ ನಿಲ್ಲೋ ಹಾಗಿಲ್ಲ. ಕಟ್ಟಿದವರಿಗೆ ಅದು ಸುಡುತ್ತೆ, ಮನೇಲಿ ಕೂರೋಕಾಗಲ್ಲ. ಬಂದೇ ಬರ್ತಾರೆ, ಬಾಗಿಲಿಗೆ. ಬಂದು ಏನಾದ್ರೂ ಕಡ ಕೇಳ್ತಾರೆ. ಒಂದು ಲೋಟ ಸಕ್ಕರೆ, ಒಂದು ಸ್ಪ್ಯಾನರ್, ಏನೋ ಒಂದು. ಕೊಟ್ಟೆಯೋ, ಅವರು ಉಳಕೊಂಡ್ರು. ಇಲ್ಲ ಅಂದೆಯೋ, ಸಿಂಬೆ ಅವರ ಮೇಲೇ ಕೂಡ್ಕೊಳ್ಳುತ್ತೆ."

"ಅಷ್ಟೇನಾ?"

"ಅಷ್ಟೇ ಅಂತೀಯ. ಈ ಕೌಂಟೀಲಿ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನೋದು ಅಂದ್ರೇನು ಗೊತ್ತಾ? ನಮ್ಮ ಅಜ್ಜ ತನ್ನ ಕುದುರೆ ಕಳ್ಳನಿಗೂ ಜೀನು ಕಡ ಕೊಟ್ಟಿದ್ದ. ಎಷ್ಟೋ ಜನ ಇಲ್ಲ ಅನ್ನೋಕಾಗ್ದೇನೇ ಸತ್ತಿದ್ದಾರೆ." ಡೆಲ್ಮರ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿಂಗೆ ಕಷ್ಟ ಆಗಲ್ಲ ಬಿಡು."

ನಮ್ಮಲ್ಲಿ ಒಬ್ಬ ಕಿಸಕ್ಕೆಂದ. ಕಾರ್ಟರ್‌ಗೆ ಅದು ಕೇಳಿಸಲೇ ಇಲ್ಲ. "ಇದನ್ನ ಕಟ್ಟೋದು ಹೇಗೆ? ಮಂತ್ರ ಹಾಕ್ತಾರಾ?" ಎಂದು ಕೇಳಿದ.

"ಕೆಲವರು ಬೇಕಂತ ಕಟ್ತಾರೆ. ಕೂದಲು, ಹೆಸರು, ಬಾವಿ ನೀರು, ಅದೇನೇನೋ ಇದೆ. ಕೆಲವರು ಗೊತ್ತಿಲ್ದೇನೇ ಕಟ್ತಾರೆ. ಇವನು ಯಾವಾಗ ಸಾಯ್ತಾನೆ, ಯಾವಾಗ ಸಾಯ್ತಾನೆ ಅಂತ ಮನಸ್ಸಲ್ಲೇ ಸುತ್ತು ಹಾಕ್ತಾ ಕೂತ್ರೂ ಸಾಕು, ಅಲ್ಲಿ ಅವನ ದಿಂಬಲ್ಲಿ ಪುಕ್ಕ ಸುತ್ಕೊಳ್ಳುತ್ತೆ."

ಇದನ್ನು ಅವನು ಕೇಳಿಸಿಕೊಳ್ಳಬೇಕಿತ್ತು. ಆದರೆ ಅವನ ತಲೆ ಆಗಲೇ ಅರ್ಧ ಮೈಲಿ ಆಚೆ ಒಟಿಲಿಯಳ ಮನೆ ಬಾಗಿಲಲ್ಲಿತ್ತು. ಆ ಮುದುಕಿಯದೇ ಕೆಲಸ. ಊಟ ಮಾಡಿದ್ರಾ ಅಂತ ಕೇಳಿದ್ದಳಲ್ಲ, ಆಗಲೇ ಮಾಡಿದ್ದಾಳೆ. ಬರಲಿ. ಸಕ್ಕರೆ ಕೇಳಿಕೊಂಡು ಬರಲಿ. ಮುಖದ ಮೇಲೇ ಬಾಗಿಲು ಹಾಕುತ್ತೇನೆ. ಆಮೇಲೆ ಆ ನೂರರವತ್ತು ಎಕರೆಗೆ ಕೇಳುವವರೇ ಇರುವುದಿಲ್ಲ.

ಚೀಲ ಎತ್ತಿಕೊಂಡು ಹೊರಟ. ಡೆಲ್ಮರನಿಗೆ ಒಂದು ಥ್ಯಾಂಕ್ಸ್ ಹೇಳುವ ಯೋಗ್ಯತೆಯೂ ಇರಲಿಲ್ಲ.

ಅವತ್ತೇ ಹಿಮಗಾಳಿ ಎದ್ದಿತು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. ಪಶ್ಚಿಮದಿಂದ ಬಂದ ಗಾಳಿಗೆ ತಡೆಯಲು ನಮ್ಮಲ್ಲಿ ಗುಡ್ಡವಿಲ್ಲ, ಕಾಡಿಲ್ಲ. ಜೋಳ ಕೊಯ್ದ ಬೋಳು ಹೊಲಗಳ ಮೇಲೆ ಅದು ಬೊಬ್ಬಿಡುತ್ತ ಬಂದು ಕ್ರಾಯ್ಟ್‌ಜರ್ ಮನೆಯ ತಗಡಿನ ಕಣಜಗಳಿಗೆ ಬಡಿಯಿತು. ಕಣಜಗಳು ಹೂಂಕರಿಸಿದವು. ಕರೆಂಟು ಹೋಯಿತು.

ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಅಡಿಗೆಮನೆಯಲ್ಲಿ ನೀಲಿ ಉರಿಯದ್ದೊಂದೇ ಬೆಳಕು. ಒದ್ದೆ ಪುಕ್ಕದ ವಾಸನೆ ಗಂಟಲಲ್ಲಿ ಹಳೇ ಎಣ್ಣೆಯಂತೆ ಅಂಟಿತ್ತು. ಕಾರ್ಟರ್ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಆ ಇಲ್ಲ ಎಂಬ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂತ. ಕಿಟಕಿಯಲ್ಲಿ ದೂರಕ್ಕೆ ಒಟಿಲಿಯಳ ಮನೆಯ ಲಾಂದ್ರದ ದೀಪ ಮಿಣುಕುತ್ತಿತ್ತು. "ಬಾ, ಬಾ, ಮುದುಕಿ," ಎನ್ನುತ್ತಿದ್ದ.

ಅವಳು ಬರಲಿಲ್ಲ. ಯಾರೂ ಬರಲಿಲ್ಲ. ಆ ಮನೆಗೆ ಕಡ ಕೇಳಿಕೊಂಡು ಹೋಗುವ ಒಬ್ಬನೇ ಒಬ್ಬ ಮನುಷ್ಯ ಕೌಂಟಿಯಲ್ಲಿ ಇರಲಿಲ್ಲ.

ಪಾತ್ರೆಯಲ್ಲಿ ಸಿಂಬೆ ಕುಣಿಯುತ್ತಿತ್ತು. ಚಮಚದಲ್ಲಿ ಒತ್ತಿ ಮುಳುಗಿಸಿದ. ಎದ್ದು ಬಂತು. ತುದಿಗಳ ನಡುವೆ ಒಂದು ಬೆರಳಿನಷ್ಟು ಜಾಗ. ಕುದಿಸಿದರೆ ಬಿಚ್ಚಿಕೊಳ್ಳಬೇಕಲ್ಲವೇ? ಬಿಚ್ಚಲಿಲ್ಲ, ಮತ್ತಷ್ಟು ಬಿಗಿಯಿತು.

ಆಗ ಉರಿ ಸಣ್ಣಗಾಯಿತು.

ಮನೆಯ ಹಿಂದೆ ದೊಡ್ಡ ಗ್ಯಾಸ್ ಟ್ಯಾಂಕಿದೆ. ಚಳಿಗಾಲಕ್ಕೆ ಮುಂಚೆ ಅದನ್ನು ತುಂಬಿಸಿಕೊಳ್ಳದವನು ನಮ್ಮಲ್ಲಿ ಹುಚ್ಚ. ಊರಿನ ಸಹಕಾರ ಸಂಘದವರು ಎರಡು ಸಲ ಕೇಳಿದ್ದರು. "ನಿಮ್ಮ ಸಂಘದ ದರಿದ್ರ ಯಾರಿಗೆ ಬೇಕು," ಎಂದು ಕಳಿಸಿದ್ದ. ಈಗ ಉರಿ ಒಲೆಯ ತೂತುಗಳೊಳಗೆ ಇಳಿಯಿತು. ಒಂದೊಂದೇ ತೂತು ಆರಿತು. ಕುದಿಯುವ ಸದ್ದು ಕುಗ್ಗಿತು. ಕುಗ್ಗಿದಂತೆ ಅವನ ಎದೆ ಮುಚ್ಚಿಕೊಂಡು ಬಂತು.

ಪಾತ್ರೆಗೆ ಮುಚ್ಚಳ ಹಾಕಿ, ಟವೆಲಿನಲ್ಲಿ ಕಟ್ಟಿ, ಹೊಟ್ಟೆಗೆ ಅವುಚಿಕೊಂಡು ಹೊರಬಿದ್ದ. ಕಾರು ಹಿಮದಲ್ಲಿ ಹೂತಿತ್ತು. ಬೇಲಿ ಇತ್ತು. ಬೇಲಿಯ ತಂತಿ ಹಿಡಿದ. ಕೈ ಕಿತ್ತುಬರುವ ಚಳಿ. ಗಾಳಿ ಮುಖಕ್ಕೆ ಹಿಮದ ಪುಡಿ ತೂರಿತು. ಕಣ್ಣು ತೆರೆದರೂ ಬಿಳಿ, ಮುಚ್ಚಿದರೂ ಬಿಳಿ. ಒಂದು ಕಂಬ. ಇನ್ನೊಂದು ಕಂಬ. ಹೊಟ್ಟೆಯ ಹತ್ತಿರ ಪಾತ್ರೆ ಇನ್ನೂ ಬೆಚ್ಚಗಿತ್ತು. ಅದರೊಳಗೆ ಸರಸರ. ಕಾಲ ಕೆಳಗೆ ಅದೇ ನೂರರವತ್ತು ಎಕರೆ. ಎಡವಿ ಬಿದ್ದ. ಎದ್ದ. ಉಸಿರು ಬಾಯಿಯವರೆಗೆ ಬಂದು ಅಲ್ಲಿಂದಲೇ ವಾಪಸು ಹೋಗುತ್ತಿತ್ತು. ಪಾತ್ರೆ ತಣ್ಣಗಾಗುತ್ತಿತ್ತು. ದೀಪ ಹತ್ತಿರ ಬಂತು. ಮೆಟ್ಟಿಲು ತಗುಲಿತು. ಮಂಡಿಯಲ್ಲೇ ಹತ್ತಿ ಬಾಗಿಲಿಗೆ ತಲೆಯಿಂದ ಬಡಿದ.

ಒಟಿಲಿಯ ಬಾಗಿಲು ತೆಗೆದಳು.

ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಅದರ ಜೊತೆ ಒಂದು ವಾಸನೆ. ಒದ್ದೆ ಪುಕ್ಕ, ಉಪ್ಪುನೀರು. ತನ್ನ ಪಾತ್ರೆಯದೇ ಇರಬೇಕು ಎಂದುಕೊಂಡ.

"ಏನಾಗ್ಬೇಕಿತ್ತು?" ಎಂದಳು ಅವಳು.

"ಒಲೆ... ನಿಮ್ಮ ಒಲೆ ಮೇಲೆ ಸ್ವಲ್ಪ ಜಾಗ ಕೊಡಿ. ಇಲ್ದಿದ್ರೆ ಗ್ಯಾಸ್ ಸಿಲಿಂಡರ್ ಕೊಡಿ. ನಾಳೇನೇ ವಾಪಸ್ ತಂದ್ಕೊಡ್ತೀನಿ."

ಅವಳು ಟವೆಲ್ ಸುತ್ತಿದ ಪಾತ್ರೆ ನೋಡಿದಳು. ಅವನ ನೀಲಿ ತುಟಿ ನೋಡಿದಳು.

"ಕಡ ಕೇಳ್ತಿದೀರಾ?"

"ಹೂಂ, ಹೂಂ. ಕಡ. ಬೇಗ ಮೇಡಂ, ಕಾಲಿಗೆ ಬೀಳ್ತೀನಿ."

ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಅಡಿಗೆಮನೆ ಕಾಣುವಂತೆ. ಸೌದೆ ಒಲೆಯ ಮೇಲೆ ದೊಡ್ಡದೊಂದು ಹಂಡೆ ಕೊತಕೊತ ಕುದಿಯುತ್ತಿತ್ತು. ಹಂಡೆಯ ಬಾಯಿಯಲ್ಲಿ ಬಿಳಿ ಪುಕ್ಕ ಏಳುತ್ತಿತ್ತು, ಮುಳುಗುತ್ತಿತ್ತು.

"ಮಣ್ಣು ಮಾಡಿದ ಮಾರನೇ ದಿನ ಆರ್ನೋ ದಿಂಬು ಬಿಚ್ಚಿದೆ," ಎಂದಳು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಪೂರ್ತಿ ಕೂಡ್ಕೊಂಡಿತ್ತು. ಅವತ್ತಿಂದ ಕುದಿಸ್ತಿದೀನಿ. ಇದು ಇಲ್ಲಿ ಕುದ್ದಷ್ಟೂ ಅಲ್ಲಿ ಕಟ್ಟಿದವರ ತಲೆಯಡಿ ಸುತ್ಕೊಳ್ಳುತ್ತೆ. ನಿದ್ದೆ ಮಾಡಿಲ್ಲ. ಪಾಸ್ಟರ್ ಬ್ರೆಡ್ಡು ತಂದಿಟ್ಟು ಹೋದ್ರು. ಡೆಲ್ಮರ್ ಸೌದೆ ಹಾಕಿ ಹೋದ. ಊರಿಗೆ ಊರೇ ಬಂತು, ಎಲ್ಲಾ ಏನೋ ಒಂದು ಕೊಟ್ಟು ಹೋದ್ರು. ಕೇಳ್ಕೊಂಡು ಯಾರೂ ಬರ್ಲಿಲ್ಲ. ಬರ್ದೇ ಇರ್ಲಿ ಅಂತಲೇ ಇದ್ದೆ ನಾನು. ನಮ್ಮೋರು ಯಾರಾದ್ರೂ ಆಗಿದ್ರೆ ಏನ್ ಮಾಡ್ಲಿ ಅಂತ ಭಯ."

ಕಾರ್ಟರ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಪಾತ್ರೆ ಅವನ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಕೂತಿತು.

"ನಾನೇನೂ ಮಾಡಿಲ್ಲ! ಅವರ ದಿಂಬು ನಾನು ಕಂಡೂ ಇಲ್ಲ!"

"ಬೇಸಿಗೆಯೆಲ್ಲ ರಸ್ತೆ ಬದೀಲಿ ಕೂತು ಅವನ ಕಿಟಕಿ ನೋಡ್ತಿದ್ರಿ. ಮಲಗಿದ ಕಡೆಯಿಂದ ಅವನೂ ನಿಮ್ಮ ಕಾರು ನೋಡ್ತಿದ್ದ. ಪಾಪ, ಆ ಹುಡುಗ ಬಿಸಿಲಲ್ಲಿ ಕೂತಿದಾನೆ, ಒಳಗೆ ಕರೆದು ಒಂದು ಲೋಟ ಕಾಫಿ ಕೊಡೇ ಅಂದ ಒಂದಿನ. ನಾನು ಕರೆಯೋಕೂ ಬಂದಿದ್ದೆ. ನೀವು ಗಾಜು ಇಳಿಸ್ಲಿಲ್ಲ."

"ಕಡ ಬೇಡ. ಕೊಂಡ್ಕೊಳ್ತೀನಿ. ಎಷ್ಟು ಬೇಕು ಹೇಳಿ. ಜಮೀನೂ ಬೇಡ ನಂಗೆ. ಕೇಳಿದ್ದು ವಾಪಸ್ ತಗೋತೀನಿ. ಕೇಳೇ ಇಲ್ಲ ಅನ್ಕೊಳಿ!"

"ಕೇಳಿದ್ದಾಯ್ತಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಂಬತ್ತು ವರ್ಷದ ಹೆಂಗಸು. ಆ ಹೊಸ್ತಿಲಿನಲ್ಲಿ ನಿಂತು ಅವಳು ಟ್ರ್ಯಾಕ್ಟರ್ ಕೊಟ್ಟಿದ್ದಾಳೆ, ಹಾಲು ಕರೆಯುವ ಹಸು ಕೊಟ್ಟಿದ್ದಾಳೆ, ಮದುವೆಗೆ ತನ್ನ ಉಡುಪು ಕೊಟ್ಟಿದ್ದಾಳೆ. ಕೆಲವು ವಾಪಸು ಬಂದವು, ಕೆಲವು ಬರಲಿಲ್ಲ. ಅವಳ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ. ಅವಳ ಗದ್ದ ಅದುರಿತು. ಒಂದು ಸಲ ಒಲೆಯ ಕಡೆ ತಿರುಗಿದಳು. ಕಾರ್ಟರ್ ಅದನ್ನು ಕಂಡ. ಇವಳಿಗೆ ಆಗುವುದಿಲ್ಲ ಎಂದುಕೊಂಡ. ಈ ಜನ ಇಷ್ಟೇ, ಇವರಿಗೆ ಆಗುವುದಿಲ್ಲ. ಆ ಸ್ಥಿತಿಯಲ್ಲೂ ಅವನ ತುಟಿಯ ತುದಿ ನಗುವಿನಂತೆ ಮೇಲೆ ಎದ್ದಿತು.

ಒಟಿಲಿಯ ಅದನ್ನು ನೋಡಿದಳು.

"ಇಲ್ಲ," ಎಂದಳು.

ಬಾಗಿಲು ಹಾಕಿಕೊಂಡಳು.

ಒಳಗೆ ಹಂಡೆಯ ಕುದಿ ತಾನಾಗಿ ಇಳಿಯಿತು. ಹೊರಗೆ ಅವನು ಕೂಗಲು ಬಾಯಿ ತೆರೆದ. ಸ್ವರವಿಲ್ಲ. ಗಾಳಿ ಬಾಯೊಳಗೆ ನುಗ್ಗಿತು. ಎದೆಗೆ ಇಳಿಯಲಿಲ್ಲ. ಗಂಟಲಲ್ಲಿ ಏನೋ ಮಿಸುಕಿತು. ಮೆತ್ತಗಿತ್ತು. ಒಣಗಿತ್ತು. ಬೆರಳು ಹಾಕಿ ಎಳೆದ. ಬಂತು, ಒಂದು. ಮತ್ತೆ ಎಳೆದ. ಇನ್ನೊಂದು. ಎಳೆದಷ್ಟೂ ಬಂತು. ಸರಸರ. ಕಿವಿಯ ಹೊರಗಲ್ಲ, ಒಳಗೆ. ಸುತ್ತು. ಇನ್ನೊಂದು ಸುತ್ತು. ತುದಿ ತುದಿಯನ್ನು ಹುಡುಕಿತು. ಮುಟ್ಟಿತು.

ಬೆಳಿಗ್ಗೆ ಹಿಮ ತೆಗೆಯುವ ಗಾಡಿಯವನು ಅವನನ್ನು ರೀಮರ್ ಮನೆಯ ಮೆಟ್ಟಿಲ ಬಳಿ ಕಂಡ. ಕೌಂಟಿಯ ವೈದ್ಯರು ಚಳಿಗೆ ಸತ್ತದ್ದು ಎಂದು ಬರೆದರು. ಚಳಿಗೆ ಸತ್ತವನ ಬಾಯಿಯ ತುಂಬ ಬಿಳಿ ಪುಕ್ಕ ಯಾಕೆ ಎಂದು ಅವರು ಕೇಳಲಿಲ್ಲ. ಅವರ ತಾಯಿಯೂ ಇದೇ ಊರಿನವಳು. ಪಕ್ಕದಲ್ಲಿದ್ದ ಪಾತ್ರೆ ಉರುಳದೆ ನೆಟ್ಟಗೆ ಕೂತಿತ್ತು. ಡೆಲ್ಮರ್ ಮುಚ್ಚಳ ತೆಗೆದು ನೋಡಿದ. ಒಳಗೆ ಬರಿಯ ನೀರು, ಮಂಜುಗಟ್ಟಿತ್ತು.

ಶಿಕಾಗೋದಿಂದ ಯಾರೋ ಬಂದು ಹೆಣ ಒಯ್ದರು. ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಅವನಿಗಾಗಿ ಯಾರೂ ಕಾಫಿ ಕಾಯಿಸಲಿಲ್ಲ. ಅವನಿಗೆ ಅಷ್ಟೂ ಹೆಚ್ಚು ಎಂದೇ ನಾನು ಹೇಳಿದ್ದು, ಈಗಲೂ ಹೇಳುತ್ತೇನೆ.

ಒಟಿಲಿಯ ಅವತ್ತು ಹಂಡೆಯ ನೀರನ್ನು ಹೊಲದ ಅಂಚಿಗೆ ಚೆಲ್ಲಿ, ಎರಡು ದಿನ ಎಡೆಬಿಡದೆ ನಿದ್ದೆ ಮಾಡಿದಳಂತೆ. ಜಮೀನು ಅವಳ ಹೆಸರಿನಲ್ಲೇ ಇದೆ, ಜೋಳ ಚೆನ್ನಾಗಿಯೇ ಬರುತ್ತಿದೆ. ನಾವು ಅವಳನ್ನು ಒಂಟಿ ಬಿಟ್ಟಿಲ್ಲ. ಭಾನುವಾರ ಚರ್ಚಿಗೆ ಯಾರಾದರೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ, ಹಂದಿ ಕೊಯ್ದರೆ ಮಾಂಸ ಕೊಟ್ಟು ಬರುತ್ತೇವೆ. ಅವಳೂ ಬಾಗಿಲವರೆಗೆ ಬಂದು, "ನಿಮಗೇನಾದ್ರೂ ಬೇಕಿತ್ತಾ? ಕೇಳ್ರಪ್ಪ, ಸಂಕೋಚ ಬೇಡ," ಎನ್ನುತ್ತಾಳೆ, ಕಣ್ಣಿನಲ್ಲಿ ನೀರು ತಂದುಕೊಂಡು.

"ಏನೂ ಬೇಡ ಒಟಿಲಿಯ," ಎನ್ನುತ್ತೇವೆ. ಅವಳ ಕೊಟ್ಟಿಗೆಯಲ್ಲಿ ಏಣಿ ಇದೆ, ಬೀಜ ಬಿತ್ತುವ ಯಂತ್ರ ಇದೆ, ನೆಲಮಾಳಿಗೆಯಲ್ಲಿ ಉಪ್ಪಿನ ಮೂಟೆಯೇ ಇದೆ. ಅಡಿಗೆ ಮಾಡುವಾಗ ಉಪ್ಪು ಮುಗಿದರೆ ನನ್ನ ಹೆಂಡತಿ ಕಾರು ತೆಗೆದು ಅವಳ ಮನೆಯ ಮುಂದಿನಿಂದಲೇ ಹನ್ನೆರಡು ಮೈಲಿ ಹೋಗಿ ಅಂಗಡಿಯಿಂದ ತರುತ್ತಾಳೆ.